ಎಣಿಕೆಯ ಹಿಂದಿನ ರಾಜಕೀಯ: ನನ್ನ ಪಿಎಚ್‌ಡಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಐದು ವರ್ಷದಿಂದ ಇದೇ ಕೆಲಸ. ಮದುವೆಮನೆಯ ಪಂಕ್ತಿಯಲ್ಲಿ, ಆರೋಗ್ಯ ಕೇಂದ್ರದ ಕಟ್ಟೆಯ ಮೇಲೆ, ಸೆಮಿನಾರಿನ ಟೀ ಬಿಡುವಿನಲ್ಲಿ ಜನ ಕೇಳುವುದು ಅದೇ ಹದಿನೇಳು ಪ್ರಶ್ನೆ. ನಾನು ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಡುತ್ತ ಬಂದಿದ್ದೇನೆ. ಒಮ್ಮೆ ಕೂತು ಬರೆದಿಟ್ಟರೆ ನನಗೂ ಒಳ್ಳೆಯದು, ಕೇಳಿದವರಿಗೂ ಒಳ್ಳೆಯದು.

ನಿಮ್ಮ ಪಿಎಚ್‌ಡಿ ಯಾವುದರ ಮೇಲೆ? ಒಂದೇ ವಾಕ್ಯದಲ್ಲಿ ಹೇಳಿ.

"ಜನ ಹೆಚ್ಚಾದರು" ಎಂದು ಯಾರು ಹೇಳಿದರು, ಯಾವ ಲೆಕ್ಕ ಹಾಕಿ ಹೇಳಿದರು, ಆ ಲೆಕ್ಕ ಕೊನೆಗೆ ಯಾರ ಮೈಮೇಲೆ ಬಂತು ಎಂಬುದರ ಮೇಲೆ.

ಹಾಗಾದರೆ ನೀವು ಡಾಕ್ಟರಾ?

ಇನ್ನೂ ಅಲ್ಲ. ಆದ ಮೇಲೂ ಮಂಡಿನೋವಿಗೆ ಮಾತ್ರೆ ಬರೆಯುವ ಡಾಕ್ಟರ್ ಆಗುವುದಿಲ್ಲ. ಹಳ್ಳಿಗಳಲ್ಲಿ ಇದನ್ನು ಮೊದಲೇ ಹೇಳದೆ ಹೋದರೆ ಫಜೀತಿ. ಒಂದು ಊರಿನಲ್ಲಿ ನಾನು ಮಾತು ಮುಗಿಸಿ ಎದ್ದಾಗ ಜಗಲಿಯ ಹೊರಗೆ ಆರು ಜನ ಸ್ಕ್ಯಾನಿಂಗ್ ರಿಪೋರ್ಟ್ ಹಿಡಿದು ನಿಂತಿದ್ದರು.

ಅಂಕಿ ಅಂಕಿಯೇ ಅಲ್ಲವೇ? ಅದರಲ್ಲಿ ರಾಜಕೀಯ ಎಲ್ಲಿಂದ ಬಂತು?

ಇದಕ್ಕೆ ನನ್ನ ಉತ್ತರ ಸಿಕ್ಕಿದ್ದು ಗ್ರಂಥಾಲಯದಲ್ಲಲ್ಲ, ಚಿಕ್ಕಮ್ಮನ ಟ್ರಂಕಿನಲ್ಲಿ. ಚಿಕ್ಕಮ್ಮ ಎ.ಎನ್.ಎಂ., ಅಂದರೆ ಹಳ್ಳಿಗಳಲ್ಲಿ ಮನೆಮನೆಗೆ ಹೋಗುವ ಸರ್ಕಾರಿ ನರ್ಸ್ ಆಗಿ ನಿವೃತ್ತರಾದವರು. ಆಫೀಸಿನವರು ಬೇಡ ಎಂದು ಬಿಸಾಡಿದ್ದ ಎರಡು ಲಾಂಗ್ ನೋಟ್‌ಬುಕ್ ಅವರ ಟ್ರಂಕಿನ ತಳದಲ್ಲಿ, ಹಳೆಯ ಇಳಕಲ್ ಸೀರೆಯ ಕೆಳಗೆ ಇದ್ದವು. ಊರು, ಮನೆ ನಂಬರು, ಹೆಂಡತಿಯ ವಯಸ್ಸು, ಬದುಕಿರುವ ಮಕ್ಕಳು, ಕೊನೆಯ ಮಗುವಿನ ವಯಸ್ಸು. ಒಂದು ಪುಟದ ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ "18, 9, 3, 1" ಎಂದು ಬರೆದು ಸುತ್ತ ಗೆರೆ ಎಳೆದಿತ್ತು. ಲಾಟರಿ ನಂಬರ್ ಇರಬೇಕು ಅಂದುಕೊಂಡೆ.

ಅದು ಕುಟುಂಬ ಕಲ್ಯಾಣ ಕಾರ್ಯಕ್ರಮದ ವಿನಿಮಯ ದರ. ನಿರೋಧ್ (ಕಾಂಡೋಮ್) ಬಳಸುವ 18 ಮಂದಿ, ಮಾತ್ರೆ ನುಂಗುವ 9 ಮಂದಿ, ಗರ್ಭಕೋಶದಲ್ಲಿ ವಂಕಿ ಹಾಕಿಸಿಕೊಂಡ 3 ಮಂದಿ, ಮಕ್ಕಳಾಗದಂತೆ ಆಪರೇಷನ್ ಆದ ಒಬ್ಬರು, ಈ ನಾಲ್ಕೂ ಸಮ. ಎಲ್ಲ ವಿಧಾನಗಳನ್ನೂ ಆಪರೇಷನ್ನಿಗೆ ಪರಿವರ್ತಿಸಿ ಜಿಲ್ಲೆಗೆ ಜಿಲ್ಲೆಯನ್ನು, ರಾಜ್ಯಕ್ಕೆ ರಾಜ್ಯವನ್ನು ಹೋಲಿಸಲು ಈ ಸೂತ್ರ. ಇದರ ಹಿಂದೆ ವಿಜ್ಞಾನ ಇಲ್ಲದೇ ಇಲ್ಲ. ಆಪರೇಷನ್ ಜೀವನಪರ್ಯಂತ ಇರುತ್ತದೆ, ನಿರೋಧ್ ಆ ರಾತ್ರಿಗೆ ಮಾತ್ರ, ಯಾವುದು ಎಷ್ಟು ಹೆರಿಗೆ ತಪ್ಪಿಸುತ್ತದೆ ಎಂದು ಅಂದಾಜು ಹಾಕಿಯೇ ಈ ಅನುಪಾತಕ್ಕೆ ಬಂದಿದ್ದಾರೆ. ಗಣಿತದಲ್ಲಿ ದೋಷ ಹುಡುಕಿದರೆ ಸಿಗುವುದು ಕಡಿಮೆ.

ಈಗ ಅದೇ ಸೂತ್ರವನ್ನು ಲೆಕ್ಕದ ವರ್ಷ ಮುಗಿಯುವ ಮಾರ್ಚ್ ತಿಂಗಳಲ್ಲಿ ನಿಂತು ನೋಡಿ. ಒಬ್ಬ ನಿರೋಧ್ ಬಳಕೆದಾರ ಎಂದರೆ ಲೆಕ್ಕದಲ್ಲಿ ವರ್ಷಕ್ಕೆ 72 ನಿರೋಧ್. ಹದಿನೆಂಟರಿಂದ ಗುಣಿಸಿದರೆ 1,296. ಅಷ್ಟನ್ನು ಬಿಸಿಲಲ್ಲಿ ಚೀಲಕ್ಕೆ ತುಂಬಿಕೊಂಡು, ಹದಿನೆಂಟು ಗಂಡಸರ ಮುಂದೆ ನಾಚಿಕೆ ಬಿಟ್ಟು ಮಾತಾಡಿ ಬರುವ ಸಂಕಟಕ್ಕೆ ಸಿಗುವ ಅಂಕ, ಎರಡು ಮಕ್ಕಳಾಗಿ ಬಾಣಂತನಕ್ಕೆ ತವರಿಗೆ ಬಂದ ಒಬ್ಬಳು ಹುಡುಗಿಯನ್ನು ಕ್ಯಾಂಪಿಗೆ ಕರೆದೊಯ್ದರೆ ಸಿಗುವ ಅಂಕಕ್ಕೆ ಸಮ. ವರ್ಷದ ಟಾರ್ಗೆಟ್ ಮುಟ್ಟದಿದ್ದರೆ ಮೆಮೊ. ಚಿಕ್ಕಮ್ಮನನ್ನು ಕೇಳಿದೆ, ನೀವು ಯಾವುದಕ್ಕೆ ಓಡುತ್ತಿದ್ದಿರಿ ಅಂತ. "ಕೇಸಿಗೇ ಕಣೇ. ಇನ್ಯಾವುದಕ್ಕೆ?" ಅಂದರು. ಕೇಸು ಎಂದರೆ ಆಪರೇಷನ್‌ಗೆ ಒಪ್ಪಿದ ಹೆಂಗಸು. ಇಲಾಖೆಯಲ್ಲಿ ಎಲ್ಲರ ಬಾಯಲ್ಲೂ ಇದೇ ಮಾತು.

ಅಂಕಿ ತಿದ್ದುವುದೇ ರಾಜಕೀಯ ಎಂದು ಹೆಚ್ಚಿನವರು ತಿಳಿದಿರುತ್ತಾರೆ. ಅದೂ ಇದೆ, ಆದರೆ ಅದು ಸಣ್ಣ ಭಾಗ. ಯಾವುದನ್ನು ಮಾನದಂಡವಾಗಿ ಹಿಡಿಯಬೇಕು ಎಂದು ತೀರ್ಮಾನವಾದ ದಿನವೇ ಯಾರ ಹೊಟ್ಟೆಯ ಮೇಲೆ ಹೊಲಿಗೆ ಬೀಳುತ್ತದೆ ಎಂಬುದೂ ಮುಕ್ಕಾಲುಪಾಲು ತೀರ್ಮಾನವಾಗಿರುತ್ತದೆ. ನನ್ನ ಥೀಸಿಸ್ ಪೂರ್ತಿ ಈ ಒಂದು ಮಾತಿನ ಸುತ್ತ.

ಇದೆಲ್ಲ ದೆಹಲಿಯ ವ್ಯವಹಾರ. ಕರ್ನಾಟಕಕ್ಕೂ ಇದಕ್ಕೂ ಏನು ಸಂಬಂಧ?

ನಾನು ಬೇರೆ ರಾಜ್ಯದಲ್ಲಿ ಹುಟ್ಟಿದ್ದರೂ ಈ ವಿಷಯಕ್ಕಾಗಿ ಇಲ್ಲಿಗೇ ಬರಬೇಕಾಗುತ್ತಿತ್ತು. 1930ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತು. ಸರ್ಕಾರವೊಂದು ತಾನೇ ಮುಂದೆ ನಿಂತು ಇಂಥ ಕ್ಲಿನಿಕ್ ತೆರೆದದ್ದು ಜಗತ್ತಿನಲ್ಲೇ ಮೊದಲು ಎಂದು ಇತಿಹಾಸದ ಪುಸ್ತಕಗಳಲ್ಲಿ ಹೇಳುತ್ತಾರೆ. ಭಾರತ ಕುಟುಂಬ ಯೋಜನಾ ಸಂಘವನ್ನು 1949ರಲ್ಲಿ ಕಟ್ಟಿದ ಧನವಂತಿ ರಾಮರಾವ್ ಹುಟ್ಟಿದ್ದು ಹುಬ್ಬಳ್ಳಿಯ ಕಾಶ್ಮೀರಿ ಮನೆಯೊಂದರಲ್ಲಿ. 1951-52ರಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ಬೆಂಗಳೂರು ನಗರದಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ ಜನಸಂಖ್ಯಾ ಅಧ್ಯಯನ ಮಾಡಿದವು. 1961ರಲ್ಲಿ ಅಚ್ಚಾದ ಆ ವರದಿ ಜಗತ್ತಿನ ಜನಸಂಖ್ಯಾ ತಜ್ಞರ ಕಪಾಟುಗಳಲ್ಲಿ "ಮೈಸೂರು" ಎಂಬ ಹೆಸರಿನಿಂದಲೇ ಕೂತಿದೆ. 1970ರ ದಶಕದಲ್ಲಿ ವಿಶ್ವಬ್ಯಾಂಕ್ ಭಾರತಕ್ಕೆ ಕೊಟ್ಟ ಮೊದಲ ಜನಸಂಖ್ಯಾ ಸಾಲದ ಯೋಜನೆ ನಡೆದ ಎರಡು ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಮೈಸೂರು ಪಾಕು, ಮೈಸೂರು ಸ್ಯಾಂಡಲ್, ಮೈಸೂರು ರೇಷ್ಮೆ ಅಂತೆಲ್ಲ ಹೆಮ್ಮೆಪಡುವ ನಾವು ಈ ಪಟ್ಟಿಗೆ ಇದನ್ನೂ ಸೇರಿಸಬೇಕೋ ಬೇಡವೋ ಎಂಬುದು ನನಗೂ ಬಗೆಹರಿದಿಲ್ಲ.

ರಾಮನಗರದ ಮಣಿಸರದ ಕಥೆ ನಿಜವೇ?

ನಿಜ. ನಾನು ಅತಿ ಹೆಚ್ಚು ಸಮಯ ಕಳೆದಿರುವುದೂ ಇದರ ಮೇಲೆಯೇ.

ಸ್ವತಂತ್ರ ಭಾರತದ ಮೊದಲ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ಗಾಂಧಿಯ ಆಪ್ತ ಶಿಷ್ಯೆ. ಸಂಯಮವೇ ದಾರಿ, ಸಾಧನಗಳು ಬೇಡ ಎಂಬುದು ಗಾಂಧಿಯ ನಿಲುವು. ಇತ್ತ ಮೊದಲ ಪಂಚವಾರ್ಷಿಕ ಯೋಜನೆಯಲ್ಲಿ ಕುಟುಂಬ ಯೋಜನೆಗೆ 65 ಲಕ್ಷ ರೂಪಾಯಿ ತೆಗೆದಿಟ್ಟಾಗಿದೆ. ಹಣ ಇದೆ, ಮಂತ್ರಿಗೆ ಸಾಧನಗಳು ಬೇಡ. ಉಳಿದ ದಾರಿ ಒಂದೇ: ತಿಂಗಳ ಮುಟ್ಟಿನ ಲೆಕ್ಕ ಇಟ್ಟು, ಗರ್ಭ ನಿಲ್ಲುವ ದಿನಗಳಲ್ಲಿ ಗಂಡ ಹೆಂಡತಿ ದೂರ ಇರುವುದು. ವಿಶ್ವ ಆರೋಗ್ಯ ಸಂಸ್ಥೆ ಇದಕ್ಕಾಗಿ ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್ ಅವರನ್ನು ಕಳಿಸಿತು. ಪ್ರಯೋಗಕ್ಕೆ ಆರಿಸಿದ್ದು ಎರಡು ಜಾಗ, ದೆಹಲಿಯ ಸರ್ಕಾರಿ ನೌಕರರ ಲೋಧಿ ಕಾಲೊನಿ ಮತ್ತು ನಮ್ಮ ರಾಮನಗರ.

ಅಕ್ಷರ ಬಾರದ ಹೆಂಗಸರಿಗೆ ಕ್ಯಾಲೆಂಡರ್ ಕೊಟ್ಟು ಏನು ಮಾಡುವುದು? ಅದಕ್ಕೇ ಮಣಿಸರ. ದಿನಕ್ಕೊಂದು ಮಣಿ ಸರಿಸಬೇಕು. ಹಸಿರು ಮಣಿ ಬಂದ ದಿನ ಭಯವಿಲ್ಲ, ಕೆಂಪು ಬಂದರೆ ದೂರ ಇರಬೇಕು. ಆ ಕಾಲದ ಕುಟುಂಬ ಯೋಜನೆಯ ಸಭೆಗಳಲ್ಲಿ ಈ ಸರದ ಬಗ್ಗೆ ಹೇಳಿ ನಗುತ್ತಿದ್ದ ಕಥೆಗಳಿಗೆ ಲೆಕ್ಕವಿಲ್ಲ. ಕತ್ತಲಲ್ಲಿ ಬಣ್ಣ ಕಾಣಲಿಲ್ಲವಂತೆ. ಒಬ್ಬಳು ಅದನ್ನು ತಾಯತ ಅಂದುಕೊಂಡು ಕೊರಳಿಗೆ ಹಾಕಿಕೊಂಡು ಸುಮ್ಮನಿದ್ದಳಂತೆ. ಇನ್ನೊಬ್ಬಳು ಗಂಡನ ಆಸೆಗೆ ತಕ್ಕಂತೆ ಮಣಿಯನ್ನು ಹಿಂದೆ ಮುಂದೆ ತಳ್ಳಿದಳಂತೆ.

ಈ ಕಥೆಗಳನ್ನು ನಾನು ಎಂಟು ಹತ್ತು ಕಡೆ ಓದಿದ್ದೇನೆ. ಎಲ್ಲ ಕಡೆಯೂ ನಗುವುದು ಹೆಂಗಸಿನ ದಡ್ಡತನಕ್ಕೆ. ಮೇಲಿಂದ ಮೇಲೆ ಹೆರಿಗೆ, ಎರಡು ವರ್ಷ ಎದೆಹಾಲು, ನಡುವೆ ರಕ್ತಹೀನತೆ ಇರುವ ಮೈಯಲ್ಲಿ ಮುಟ್ಟು ಗಡಿಯಾರದಂತೆ ಬರುವುದಿಲ್ಲ. ಲೆಕ್ಕ ನಿಂತಿರುವುದೇ ಆ ಗಡಿಯಾರದ ಮೇಲೆ. "ದೂರ ಇರು" ಎಂದು ಗಂಡನಿಗೆ ಹೇಳುವ ಶಕ್ತಿ ಹೆಂಡತಿಗಿದೆ ಎಂಬುದು ಎರಡನೇ ನಂಬಿಕೆ. ಇವೆರಡನ್ನೂ ಯಾವ ಮಣಿಯೂ ಹೇಳುತ್ತಿರಲಿಲ್ಲ. ದೆಹಲಿಯ ನೌಕರರ ಕಾಲೊನಿಯಲ್ಲೂ ಈ ವಿಧಾನ ಹಿಡಿದುಕೊಂಡು ಉಳಿದವರು ಕಡಿಮೆಯೇ. ಆದರೆ ತಾಯತದ ಕಥೆ ಲೋಧಿ ಕಾಲೊನಿಯ ಹೆಸರಿನಲ್ಲಿ ಹುಟ್ಟಲಿಲ್ಲ ನೋಡಿ.

ಹಾಗಾದರೆ ಜನರಿಗೆ ತಿಳಿವಳಿಕೆ ಕಡಿಮೆ ಎಂಬುದು ಸುಳ್ಳೇ?

ಪಂಜಾಬಿನ ಕಥೆ ಒಂದು ಹೇಳುತ್ತೇನೆ. 1950ರ ದಶಕದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ತಂಡ ಲೂಧಿಯಾನ ಜಿಲ್ಲೆಯ ಖನ್ನಾ ಸುತ್ತಲಿನ ಹಳ್ಳಿಗಳಲ್ಲಿ ಗರ್ಭನಿರೋಧಕ ನೊರೆ ಮಾತ್ರೆ (ನುಂಗುವುದಲ್ಲ, ಹೆಂಗಸರು ಒಳಗೆ ಇಟ್ಟುಕೊಳ್ಳುವುದು) ಹಂಚಿ ಜನನ ಪ್ರಮಾಣ ಇಳಿಯುತ್ತದೆಯೇ ಎಂದು ವರ್ಷಗಟ್ಟಲೆ ನೋಡಿತು. ಮಾತ್ರೆ ಬೇಡ ಎಂದವರು ಕಡಿಮೆ. ಆದರೂ ಹೆರಿಗೆ ನಿರೀಕ್ಷೆಯಂತೆ ಇಳಿಯಲಿಲ್ಲ. ಆಮೇಲೆ 1970ರಲ್ಲಿ ಮಹಮೂದ್ ಮಮ್ದಾನಿ ಎಂಬ ಯುವ ಸಂಶೋಧಕ ಅದೇ ಸೀಮೆಯ ಮನೂಪುರಕ್ಕೆ ಹೋದಾಗ, ಹಳ್ಳಿಯವರು ಮಾತ್ರೆ ಇಸಿದುಕೊಂಡು ಬಳಸದೆ ಬಿಟ್ಟದ್ದನ್ನು ಬಾಯಿಬಿಟ್ಟು ಹೇಳಿದರು. ದೂರದಿಂದ ಬಂದವರು, ಒಳ್ಳೆಯವರು, ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ ಎಂಬ ದಾಕ್ಷಿಣ್ಯ. ಹೊಲಕ್ಕೆ ಕೈಗಳು ಬೇಕು, ಕೂಲಿಗೆ ಕೊಡಲು ದುಡ್ಡಿಲ್ಲ, ಹಾಗಿರುವಾಗ ಮಕ್ಕಳು ಹೊರೆ ಹೇಗಾಗುತ್ತಾರೆ ಎಂಬುದು ಅವರ ಲೆಕ್ಕ.

ದಾಕ್ಷಿಣ್ಯಕ್ಕೆ ಹೂಂ ಅನ್ನುವುದು ಏನು ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಸಮೀಕ್ಷೆಯ ಫಾರಂನಲ್ಲಿ ಮಾತ್ರ ಅದಕ್ಕೊಂದು ಕಾಲಂ ಇರುವುದಿಲ್ಲ.

ಮಮ್ದಾನಿ ಹೇಳಿದ್ದೆಲ್ಲ ಸರಿ ಎಂದೇನೂ ಅಲ್ಲ. ಅವರು ಕೇಳಿಸಿಕೊಂಡಿದ್ದು ಬಹುಪಾಲು ಗಂಡಸರ ಲೆಕ್ಕ. ಆರನೇ ಬಾಣಂತನದಲ್ಲಿ ಮಲಗಿದ್ದವಳಿಗೆ ಕೈಗಳ ಲೆಕ್ಕ ಹಾಗೆಯೇ ಕಂಡಿತೇ ಎಂಬುದು ಅಲ್ಲಿ ಕಡಿಮೆ ಬರುತ್ತದೆ.

ಇದೆಲ್ಲ ಅಮೆರಿಕದ ಪಿತೂರಿ ಅಂತಾರಲ್ಲ?

ಒತ್ತಡ ಇತ್ತು, ಅದು ದಾಖಲಾಗಿದೆ. ಸ್ಟೀಫನ್ ಎಂಕಿ ಎಂಬ ಅರ್ಥಶಾಸ್ತ್ರಜ್ಞ "ಹುಟ್ಟದೇ ಹೋದ ಮಗು"ವಿನ ಬೆಲೆ ಕಟ್ಟಿದ. ಕೂಸು ತಿನ್ನುವುದು ಇಂದಿನಿಂದ, ದುಡಿಯುವುದು ಹದಿನೈದು ವರ್ಷದ ನಂತರ. ಆ ದೂರದ ದುಡಿಮೆಯಿಂದ ಬಡ್ಡಿ ಕಳೆಯುತ್ತ ಬಂದರೆ ಇವತ್ತಿನ ಲೆಕ್ಕದಲ್ಲಿ ಮಗು ಬರೀ ನಷ್ಟ. ಇದೇ ಸೂತ್ರ ಹಿಡಿದು ಕೂತಿದ್ದರೆ ನಮ್ಮ ತಿಪಟೂರಿನಲ್ಲಿ ಯಾರೂ ತೆಂಗಿನ ಸಸಿ ನೆಡುತ್ತಿರಲಿಲ್ಲ. ಆದರೆ 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ವಿಶ್ವಸಂಸ್ಥೆಯ ಸಭೆಯಲ್ಲಿ, ಜನಸಂಖ್ಯಾ ನಿಯಂತ್ರಣಕ್ಕೆ ಹಾಕಿದ 5 ಡಾಲರ್ ಬೆಳವಣಿಗೆಗೆ ಹಾಕಿದ 100 ಡಾಲರಿಗೆ ಸಮ ಎಂದು ಹೇಳಿದ್ದು ಇಂಥ ಲೆಕ್ಕದ ಬಲದಿಂದಲೇ. ಮರುವರ್ಷ ಬರ ಬಂದಾಗ ಭಾರತಕ್ಕೆ ಗೋಧಿಯನ್ನು ಹಡಗು ಹಡಗಾಗಿ ಅಳೆದು ಬಿಟ್ಟರು.

ಹಾಗೆಂದು ಎಲ್ಲವನ್ನೂ ಹೊರಗಿನವರ ತಲೆಗೆ ಕಟ್ಟಲು ನಾನು ತಯಾರಿಲ್ಲ. 1951ರ ಜನಗಣತಿಯ ಆಯುಕ್ತ ಆರ್.ಎ. ಗೋಪಾಲಸ್ವಾಮಿ ನಮ್ಮವರೇ. ಮೂರು ಅಥವಾ ಹೆಚ್ಚು ಮಕ್ಕಳಾಗಿ, ಒಂದಾದರೂ ಬದುಕಿರುವಾಗ ಮತ್ತೆ ಹೆರುವುದಕ್ಕೆ ಅವರು ವರದಿಯಲ್ಲಿ ಒಂದು ಹೆಸರಿಟ್ಟರು. ಕನ್ನಡದಲ್ಲಿ ಹೇಳಬೇಕೆಂದರೆ "ಮುಂದಾಲೋಚನೆ ಇಲ್ಲದ ತಾಯ್ತನ". ತಂದೆತನ ಅಲ್ಲ, ತಾಯ್ತನ. ಒಂದು ಅಂಕಣದ ತಲೆಬರಹದಲ್ಲೇ ತೀರ್ಪು ಬಂದುಹೋಯಿತು.

ತುರ್ತುಪರಿಸ್ಥಿತಿಯಲ್ಲಿ ನಡೆದದ್ದು ಸಂಜಯ ಗಾಂಧಿಯ ಅತಿರೇಕ. ಅದರಲ್ಲಿ ವಿಜ್ಞಾನದ ಪಾತ್ರವೇನು?

ಸಂಜಯ ಗಾಂಧಿ ಒಬ್ಬನ ಹೆಸರು ಹೇಳಿ ಕೈ ತೊಳೆದುಕೊಳ್ಳುವುದು ಎಲ್ಲರಿಗೂ ಅನುಕೂಲ. ಕ್ಯಾಂಪು, ಪ್ರೋತ್ಸಾಹಧನ, ಟಾರ್ಗೆಟ್, ಜಿಲ್ಲಾಧಿಕಾರಿಯ ಮುಂದಾಳತ್ವ ಎಲ್ಲವೂ ಅದಕ್ಕೆ ಮೊದಲೇ ಇದ್ದವು. 1970-71ರಲ್ಲಿ ಕೇರಳದ ಎರ್ನಾಕುಲಂನಲ್ಲಿ ಜಾತ್ರೆಯಂತೆ ನಡೆದ ವ್ಯಾಸೆಕ್ಟಮಿ (ಗಂಡಸರ ಆಪರೇಷನ್) ಶಿಬಿರಗಳನ್ನು ದೇಶ ವಿದೇಶದ ತಜ್ಞರು ಮಾದರಿ ಎಂದು ಹೊಗಳಿದ್ದರು.

1974ರಲ್ಲಿ ಬುಖಾರೆಸ್ಟಿನ ವಿಶ್ವ ಜನಸಂಖ್ಯಾ ಸಮ್ಮೇಳನದಲ್ಲಿ ಆರೋಗ್ಯ ಮಂತ್ರಿ ಕರಣ್ ಸಿಂಗ್, ಅಭಿವೃದ್ಧಿಯೇ ಅತ್ಯುತ್ತಮ ಗರ್ಭನಿರೋಧಕ ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿದರು. ಅದೇ ಮಂತ್ರಿ 1976ರ ಏಪ್ರಿಲ್‌ನಲ್ಲಿ ಮಂಡಿಸಿದ ರಾಷ್ಟ್ರೀಯ ಜನಸಂಖ್ಯಾ ನೀತಿಯಲ್ಲಿ ಶಿಕ್ಷಣ, ಅಭಿವೃದ್ಧಿ ಆಗಲಿ ಎಂದು ಕಾಯುತ್ತ ಕೂರುವುದು ಸಾಧ್ಯವಿಲ್ಲ ಎಂದರು. ರಾಜ್ಯಗಳಿಗೆ ಕೇಂದ್ರ ಕೊಡುವ ಯೋಜನಾ ನೆರವಿನ ಶೇ 8ರಷ್ಟನ್ನು ಕುಟುಂಬ ಯೋಜನೆಯ ಸಾಧನೆಗೆ ಗಂಟು ಹಾಕಿದರು. ಎರಡು ವರ್ಷದಲ್ಲಿ ಹೊಸ ಸಂಶೋಧನೆಯೇನೂ ಬಂದಿರಲಿಲ್ಲ. ಬಂದಿದ್ದು ತುರ್ತುಪರಿಸ್ಥಿತಿ.

1976-77ಕ್ಕೆ ಗುರಿ 43 ಲಕ್ಷ ಆಪರೇಷನ್. ಆಗಿದ್ದು 82 ಲಕ್ಷಕ್ಕೂ ಹೆಚ್ಚು, ಅದರಲ್ಲಿ ಸುಮಾರು 62 ಲಕ್ಷ ಗಂಡಸರದ್ದು. ತುರ್ತುಪರಿಸ್ಥಿತಿಯ ಅತಿರೇಕಗಳ ತನಿಖೆ ಮಾಡಿದ ಶಾ ಆಯೋಗದ ಮುಂದೆ ಬಂದ ಸಾವುಗಳ ಸಂಖ್ಯೆ 1,774. ಮರುವರ್ಷ ಒಟ್ಟು ಆಪರೇಷನ್ 10 ಲಕ್ಷದ ಒಳಗೆ ಬಿತ್ತು, ಸರ್ಕಾರವೂ ಬಿತ್ತು, "ಯೋಜನೆ" ಹೋಗಿ "ಕಲ್ಯಾಣ" ಎಂಬ ಹೆಸರು ಬಂತು. ಎಷ್ಟೋ ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿ: ಜನಸಂಖ್ಯಾ ನಿಯಂತ್ರಣಕ್ಕೆ ನೀಡುವ ವಿಶ್ವಸಂಸ್ಥೆಯ ಮೊದಲ ಪ್ರಶಸ್ತಿ 1983ರಲ್ಲಿ ಚೀನಾದ ಮಂತ್ರಿಯೊಬ್ಬರ ಜೊತೆ ಇಂದಿರಾ ಗಾಂಧಿಯವರಿಗೇ ಸಂದಿತು.

ಗಂಡಸರ ಆಪರೇಷನ್ ಸುಲಭ ಅಂತಾರೆ. ಮತ್ತೆ ಯಾಕೆ ಹೆಂಗಸರಿಗೇ?

ಸುಲಭ ಹೌದು. ಹೊಟ್ಟೆ ಕೊಯ್ಯಬೇಕಿಲ್ಲ, ಅದೇ ದಿನ ಮನೆಗೆ ಹೋಗಬಹುದು. ಆದರೂ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019-21) ಕರ್ನಾಟಕದ 15ರಿಂದ 49ರ ವಯಸ್ಸಿನ ವಿವಾಹಿತ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ಆಪರೇಷನ್ ಆಗಿತ್ತು. ಗಂಡಸರ ಕಾಲಂನಲ್ಲಿ ಹೆಚ್ಚೂಕಡಿಮೆ ಸೊನ್ನೆ.

ತುರ್ತುಪರಿಸ್ಥಿತಿಯಲ್ಲಿ ಗಂಡಸರ ಮೈಗೆ ಕೈ ಹಾಕಿದ ಸರ್ಕಾರ ಚುನಾವಣೆಯಲ್ಲಿ ಸೋತಿತು ಎಂಬ ಪಾಠ ರಾಜಕಾರಣಿಗಳಿಗೆ ಚೆನ್ನಾಗಿ ಹಿಡಿಯಿತು. 1980ರ ದಶಕದಲ್ಲಿ ಲ್ಯಾಪ್ರೋಸ್ಕೋಪ್, ಅಂದರೆ ಹೊಟ್ಟೆಯೊಳಗೆ ಕೊಳವೆ ಇಳಿಸಿ ನೋಡುವ ಉಪಕರಣ, ಹಳ್ಳಿಯ ಕ್ಯಾಂಪಿಗೂ ಬಂತು. "ಸಣ್ಣ ತೂತು, ಐದು ನಿಮಿಷ" ಎಂಬ ಪ್ರಚಾರ. "ಗಂಡು ಆಪರೇಷನ್ ಮಾಡಿಸ್ಕೊಂಡ್ರೆ ಮೂಟೆ ಹೊರಕ್ಕಾಗಲ್ಲ" ಎಂಬ ಮಾತನ್ನು ನಾನು ಮಾತಾಡಿಸಿದ ಪ್ರತಿ ಊರಲ್ಲೂ ಕೇಳಿದ್ದೇನೆ, ಹೆಚ್ಚಾಗಿ ಹೆಂಗಸರ ಬಾಯಲ್ಲೇ. "ನಮ್ದು ಹೆಂಗೂ ಕೊಯ್ದಿರೋ ಹೊಟ್ಟೆ" ಅಂದರು ಒಬ್ಬರು.

ಐದು ನಿಮಿಷದ ಹೊಗಳಿಕೆಯ ಇನ್ನೊಂದು ತುದಿ 2014ರ ನವೆಂಬರ್. ಛತ್ತೀಸಗಢದ ಬಿಲಾಸ್‌ಪುರ ಜಿಲ್ಲೆಯಲ್ಲಿ ಒಬ್ಬನೇ ಸರ್ಜನ್ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದ. ಆ ವಾರ ಅಲ್ಲಿನ ಕ್ಯಾಂಪುಗಳಿಗೆ ಹೋಗಿಬಂದ ಹತ್ತಕ್ಕೂ ಹೆಚ್ಚು ಹೆಂಗಸರು ಸತ್ತರು. ಆರೋಗ್ಯ ಹಕ್ಕುಗಳ ಕಾರ್ಯಕರ್ತೆ ದೇವಿಕಾ ಬಿಸ್ವಾಸ್ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ಮೂರು ವರ್ಷದೊಳಗೆ ಕ್ಯಾಂಪುಗಳನ್ನೇ ನಿಲ್ಲಿಸಬೇಕು ಎಂದಿತು. ಟಾರ್ಗೆಟ್ ಎಂಬುದು 1996ರಲ್ಲೇ ಕಾಗದದ ಮೇಲೆ ರದ್ದಾಗಿತ್ತು. ಅದರ ಜಾಗಕ್ಕೆ "ನಿರೀಕ್ಷಿತ ಸಾಧನೆಯ ಮಟ್ಟ" ಬಂತು. ಹೆಸರು ಬದಲಾದದ್ದು ಚಿಕ್ಕಮ್ಮನಿಗೆ ಗೊತ್ತೇ ಆಗಿರಲಿಲ್ಲ. ನಾನು ಹೇಳಿದಾಗ ಬಿದ್ದು ಬಿದ್ದು ನಕ್ಕರು.

ವಂಕಿ ಅಂದರೆ ಏನು?

ಗರ್ಭಕೋಶದಲ್ಲಿ ಇಡುವ ಸಾಧನ. ಈಗಿನದು ಕಾಪರ್-ಟಿ. 1965ರಲ್ಲಿ ಬಂದದ್ದು ಅಂಕುಡೊಂಕಾದ ಪ್ಲಾಸ್ಟಿಕ್ ಲೂಪ್. ತೋಳಿಗೆ ಹಾಕುವ ಒಡವೆಯ ಹೆಸರನ್ನು ಅದಕ್ಕೆ ಇಟ್ಟ ಕನ್ನಡದ ಕಿವಿಗೆ ನನ್ನ ನಮಸ್ಕಾರ. ಲೂಪಿನ ಕಥೆ ಸುಖಕರವಲ್ಲ. ರಕ್ತಸ್ರಾವವಾದವರನ್ನು ಮತ್ತೆ ನೋಡುವ ಏರ್ಪಾಡಿಲ್ಲದೆ ಹಾಕುತ್ತ ಹೋದರು, ಎರಡು ಮೂರು ವರ್ಷದಲ್ಲಿ ಜನ ಕೈಬಿಟ್ಟರು.

ಚೀನಾದಂತೆ ಕಠಿಣ ಕಾನೂನು ತಂದಿದ್ದರೆ ನಾವು ಎಲ್ಲೋ ಇರುತ್ತಿದ್ದೆವು, ಅಲ್ಲವೇ?

ಪ್ರತಿ ಸಭೆಯಲ್ಲೂ ಒಬ್ಬ ನಿವೃತ್ತ ಎಂಜಿನಿಯರ್ ಎದ್ದು ಈ ಪ್ರಶ್ನೆ ಕೇಳುತ್ತಾರೆ. ವಿಚಿತ್ರವೆಂದರೆ ಚೀನಾದ ಒಂದೇ ಮಗುವಿನ ನೀತಿಯ ಹಿಂದೆ ಇದ್ದದ್ದೂ ಎಂಜಿನಿಯರೇ. ಸಾಂಗ್ ಜಿಯಾನ್ ಕ್ಷಿಪಣಿಯ ದಾರಿ ತಿದ್ದುವ ಗಣಿತದಲ್ಲಿ ಪಳಗಿದವರು. 1978ರಲ್ಲಿ ಯುರೋಪಿಗೆ ಹೋದಾಗ ಅಲ್ಲಿನ ಗಣಿತಜ್ಞರು ಅದೇ ಗಣಿತವನ್ನು ಜನಸಂಖ್ಯೆಗೆ ಹಚ್ಚುವುದನ್ನು ನೋಡಿ ಬಂದರು. ಮಾವೋ ಕಾಲದಲ್ಲಿ ಸಮಾಜಶಾಸ್ತ್ರಜ್ಞರು ಮೂಲೆಗುಂಪಾಗಿದ್ದರು, ರಕ್ಷಣಾ ವಿಜ್ಞಾನಿಗಳಿಗೆ ಮಾತ್ರ ಕಂಪ್ಯೂಟರ್ ಇತ್ತು, ಮರ್ಯಾದೆಯೂ ಇತ್ತು. ಸಾಂಗ್ ಗುಂಪು ನೂರು ವರ್ಷದ ಗ್ರಾಫ್ ಎಳೆದು, ದೇಶಕ್ಕೆ ಸರಿಹೋಗುವ ಜನಸಂಖ್ಯೆ 65ರಿಂದ 70 ಕೋಟಿ ಎಂದಿತು. 1980ರಲ್ಲಿ ನೀತಿ ಬಂತು.

ಆ ಗ್ರಾಫಿನಲ್ಲಿ ಹೆರಿಗೆ ಎಂಬುದು ನಲ್ಲಿ ತಿರುಗಿಸಿದಂತೆ ಹೆಚ್ಚು ಕಡಿಮೆ ಮಾಡಬಹುದಾದ ಒಂದು ಅಕ್ಷರ. ಮುದುಕರನ್ನು ನೋಡಿಕೊಳ್ಳಲು ಗಂಡುಮಗ ಬೇಕು ಎನ್ನುವ ರೈತ ಅದರಲ್ಲಿಲ್ಲ, ಹುಟ್ಟುವ ಮೊದಲೇ ಇಲ್ಲವಾದ ಹೆಣ್ಣುಮಗು ಇಲ್ಲ. 1970ರ ದಶಕದಲ್ಲೇ ಚೀನಾದ ಹೆರಿಗೆಯ ಸರಾಸರಿ ಸುಮಾರು ಆರರಿಂದ ಮೂರರ ಒಳಗೆ ಇಳಿದಾಗಿತ್ತು, ಒಂದೇ ಮಗುವಿನ ನೀತಿ ಇಲ್ಲದೆಯೇ. 2016ರಿಂದ ಎರಡು ಮಕ್ಕಳಿಗೆ, 2021ರಲ್ಲಿ ಮೂರಕ್ಕೆ ಅನುಮತಿ ಕೊಟ್ಟರು. 2022ರಿಂದ ಅಲ್ಲಿ ಜನಸಂಖ್ಯೆ ಇಳಿಯುತ್ತಿದೆ.

ಒಂದು ಸಮುದಾಯದವರು ಬೇಕಂತಲೇ ಹೆಚ್ಚು ಹೆರುತ್ತಾರೆ ಅಂತ ವಾಟ್ಸ್‌ಆ್ಯಪ್‌ನಲ್ಲಿ ಬಂದಿತ್ತು.

ಬರುತ್ತಲೇ ಇರುತ್ತದೆ. ವಾಟ್ಸ್‌ಆ್ಯಪ್ ಇಲ್ಲದ 1909ರಲ್ಲೂ ಬಂದಿತ್ತು. ಕಲ್ಕತ್ತದಲ್ಲಿ ಯು.ಎನ್. ಮುಖರ್ಜಿ ಬ್ರಿಟಿಷರ ಜನಗಣತಿಯ ಅಂಕಿ ಹಿಡಿದು ಹಿಂದೂಗಳು ಅಳಿಯುತ್ತಿದ್ದಾರೆ ಎಂದು ಲೇಖನಮಾಲೆ ಬರೆದರು. ಆ ಭವಿಷ್ಯ ನುಡಿದು ನೂರು ವರ್ಷ ಕಳೆದಿದೆ.

ಅಂಕಿ ಬೇಕಾದರೆ ಇಲ್ಲಿದೆ. 1992-93ರ ಮೊದಲ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮುಸ್ಲಿಂ ಮಹಿಳೆಯರ ಸರಾಸರಿ 4.4 ಮಕ್ಕಳು, ಹಿಂದೂಗಳದ್ದು 3.3. ಐದನೇ ಸುತ್ತಿನಲ್ಲಿ 2.4 ಮತ್ತು 1.9. ಅಂತರ ಅರ್ಧಕ್ಕೂ ಕೆಳಗೆ ಬಂದಿದೆ, ಹೆಚ್ಚು ಇಳಿದಿರುವುದು ಮುಸ್ಲಿಮರದ್ದೇ. ಬಿಹಾರದ ಹಿಂದೂ ಹೆಣ್ಣುಮಗಳ ಸರಾಸರಿ ಕೇರಳದ ಮುಸ್ಲಿಂ ಹೆಣ್ಣುಮಗಳದ್ದಕ್ಕಿಂತ ಹೆಚ್ಚು. ಧರ್ಮಕ್ಕಿಂತ ಶಾಲೆ, ಸಂಪಾದನೆ, ಹತ್ತಿರದ ಆಸ್ಪತ್ರೆ ಹೆಚ್ಚು ಮಾತಾಡುತ್ತವೆ. ಆದರೆ ಸಂಖ್ಯೆಯನ್ನು ಧರ್ಮದ ಕಾಲಂ ಪ್ರಕಾರ ಅಚ್ಚು ಹಾಕುತ್ತೇವೆ, ಜಮೀನಿನ ಎಕರೆ ಪ್ರಕಾರ ಅಷ್ಟು ಜೋರಾಗಿ ಅಚ್ಚು ಹಾಕುವುದಿಲ್ಲ.

ಈಗ ಹೆಚ್ಚು ಮಕ್ಕಳು ಮಾಡಿಕೊಳ್ಳಿ ಅನ್ನುತ್ತಿದ್ದಾರಲ್ಲ, ಯಾವುದನ್ನು ನಂಬಬೇಕು?

ನಾನು ಸಿನಾಪ್ಸಿಸ್ ಕೊಟ್ಟಾಗ ಈ ಪ್ರಶ್ನೆ ಇರಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಹೆಚ್ಚು ಮಕ್ಕಳು ಬೇಕು ಎಂದರು. ಅದೇ ವಾರ ತಮಿಳುನಾಡಿನ ಮುಖ್ಯಮಂತ್ರಿ ಸ್ಟಾಲಿನ್, ಹದಿನಾರು ಮಕ್ಕಳನ್ನೇ ಯಾಕೆ ಹೆರಬಾರದು ಎಂದು ಮದುವೆ ಸಮಾರಂಭದಲ್ಲಿ ಹಾಸ್ಯ ಮಾಡಿದರು. ಎರಡಕ್ಕಿಂತ ಹೆಚ್ಚು ಮಕ್ಕಳಿರುವವರು ಪಂಚಾಯಿತಿ ಚುನಾವಣೆಗೆ ನಿಲ್ಲಬಾರದು ಎಂಬ ಕಾನೂನನ್ನು ಆಂಧ್ರ ವಿಧಾನಸಭೆ ಅದರ ಮರುತಿಂಗಳೇ ತೆಗೆದುಹಾಕಿತು. ನನ್ನ ಗೈಡ್ ಮುಗುಳ್ನಕ್ಕು, "ಇನ್ನೊಂದು ಅಧ್ಯಾಯ ಸೇರಿಸು" ಅಂದರು.

ಇದರ ಬೇರು ಕೂಡ 1976ರಲ್ಲೇ ಇದೆ. ಕುಟುಂಬ ಯೋಜನೆ ಮಾಡಿದ ರಾಜ್ಯಕ್ಕೆ ಲೋಕಸಭಾ ಸ್ಥಾನ ಕಡಿಮೆಯಾಗಬಾರದು ಎಂದು ಸಂವಿಧಾನದ 42ನೇ ತಿದ್ದುಪಡಿ ಸ್ಥಾನಹಂಚಿಕೆಯನ್ನು 1971ರ ಜನಗಣತಿಗೆ ಕಟ್ಟಿಹಾಕಿತು. ಇದೇ ತಿದ್ದುಪಡಿ ಜನಸಂಖ್ಯಾ ನಿಯಂತ್ರಣವನ್ನು ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೂ ಸೇರಿಸಿತು. ಸ್ಥಾನಹಂಚಿಕೆಯ ಮೇಲಿನ ಆ ತಡೆಯನ್ನು 84ನೇ ತಿದ್ದುಪಡಿ 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದೂಡಿತು. ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು, ಬಿಹಾರದಲ್ಲಿ 3. ಜನಸಂಖ್ಯೆ ಏರದೆ ಇಳಿಯದೆ ನಿಲ್ಲಲು ಬೇಕಾದದ್ದು ಸುಮಾರು 2.1. ಹೀಗಾಗಿ ಕ್ಷೇತ್ರ ಪುನರ್ವಿಂಗಡಣೆ ಎಂದ ಕೂಡಲೇ ನಮ್ಮ 28 ಸ್ಥಾನಗಳ ಚಿಂತೆ.

ಚಿಂತೆ ನ್ಯಾಯವಾದದ್ದೇ. ನನಗೆ ಕಸಿವಿಸಿಯಾಗುವುದು ಬೇರೆ ಕಡೆ. "ದಕ್ಷಿಣದ ರಾಜ್ಯಗಳು ಶಿಸ್ತಿನಿಂದ ಜನಸಂಖ್ಯೆ ಇಳಿಸಿದವು" ಎನ್ನುವಾಗ ಆ ಶಿಸ್ತು ಯಾರ ಮೈಯದು? ಚಿಕ್ಕಮ್ಮನ ಪುಸ್ತಕದಲ್ಲಿರುವ ಇಪ್ಪತ್ತಮೂರು, ಇಪ್ಪತ್ತನಾಲ್ಕು ವಯಸ್ಸಿನ ಹುಡುಗಿಯರದು. ಅವರನ್ನು ಒಂದು ಮಾತೂ ಕೇಳದೆ ಮೊನ್ನೆ ಕಡಿಮೆ ಹೆರಿ ಎಂದೆವು, ಇವತ್ತು ಸ್ಥಾನ ಉಳಿಸಲು ಹೆಚ್ಚು ಹೆರಿ ಎನ್ನುತ್ತಿದ್ದೇವೆ.

ನೀವು ಕುಟುಂಬ ಯೋಜನೆಯ ವಿರೋಧಿಯೇ?

ಅಲ್ಲ. ಬೇಡದ ಬಸಿರು ತಪ್ಪಿಸಿಕೊಳ್ಳುವ ದಾರಿ ಪ್ರತಿ ಹೆಂಗಸಿನ ಕೈಗೂ ಸಿಗಬೇಕು. ನಾನು ಮಾತಾಡಿಸಿದ ಎಷ್ಟೋ ಮಂದಿ ಅತ್ತೆಗೆ ಸುಳ್ಳು ಹೇಳಿ, ಬಸ್ಸು ಹತ್ತಿ ಹೋಗಿ ತಾವಾಗಿಯೇ ಆಪರೇಷನ್ ಮಾಡಿಸಿಕೊಂಡವರು. ಅವರನ್ನು ಬಲಿಪಶು ಎಂದು ಬರೆದರೆ ಅವರೇ ನನ್ನನ್ನು ಬೈಯುತ್ತಾರೆ, ಬೈದಿದ್ದಾರೆ ಕೂಡ.

ನಿಮಗೆ ಮಕ್ಕಳೆಷ್ಟು?

ನಾನು ಸಂದರ್ಶನ ಶುರು ಮಾಡುವ ಮೊದಲು ನನ್ನ ಸಂದರ್ಶನ ಆಗುತ್ತದೆ. ಇಲ್ಲ ಎಂದರೆ "ಅಯ್ಯೋ, ಯಾಕಮ್ಮಾ?" ಎಂದು ಕೈ ಹಿಡಿದುಕೊಳ್ಳುತ್ತಾರೆ. ಒಂದು ಕಡೆ ನನಗೆ ಹರಕೆಯನ್ನೂ ಹೊತ್ತರು. ಮೊದಮೊದಲು ಮುಜುಗರವಾಗುತ್ತಿತ್ತು. ಅಪರಿಚಿತ ಹೆಂಗಸಿನ ಮನೆಗೆ ನುಗ್ಗಿ ಎಷ್ಟು ಹೆತ್ತೆ, ಎಷ್ಟು ಸತ್ತವು, ಯಾವಾಗ ಕೊಯ್ಸಿಕೊಂಡೆ ಎಂದು ನಾನು ಕೇಳಬಹುದಾದರೆ ಅವಳೂ ಕೇಳಬಹುದು ಎಂದು ಈಗ ಉತ್ತರ ಕೊಡುತ್ತೇನೆ.

ಥೀಸಿಸ್ ಯಾವಾಗ ಮುಗಿಯುತ್ತೆ?

ಮುಂದಿನ ಪ್ರಶ್ನೆ.

ನಮ್ಮ ಮನೆಯಲ್ಲಿ ಹಳೆಯ ಕಾಗದ ಪತ್ರ ಇದೆ. ನಿಮಗೆ ಉಪಯೋಗವಾಗುತ್ತಾ?

ಖಂಡಿತ. ಕುಟುಂಬ ಯೋಜನೆಯ ಕೆಂಪು ತ್ರಿಕೋನದ ಕರಪತ್ರ, "ಆರತಿಗೊಬ್ಬಳು ಕೀರ್ತಿಗೊಬ್ಬ" ಎಂದು ಬರೆದ ಕ್ಯಾಲೆಂಡರ್, ಆಪರೇಷನ್ ಮಾಡಿಸಿಕೊಂಡದ್ದಕ್ಕೆ ಕೊಟ್ಟ ಸರ್ಟಿಫಿಕೇಟ್, ಆ ಸರ್ಟಿಫಿಕೇಟ್ ತೋರಿಸಿ ಪಡೆದ ಇನ್‌ಕ್ರಿಮೆಂಟಿನ ಆದೇಶ, ಮನೆಯಲ್ಲಿ ಯಾರಾದರೂ ಆರೋಗ್ಯ ಇಲಾಖೆಯಲ್ಲಿ ಇದ್ದರೆ ಅವರ ಡೈರಿ, ಕ್ಯಾಂಪಿನ ಫೋಟೊ. ಪತ್ರಾಗಾರದಲ್ಲಿ ಆದೇಶಗಳು ಸಿಗುತ್ತವೆ, ಆದೇಶ ಪಾಲಿಸಿದವರ ಕೈಬರಹ ಸಿಗುವುದಿಲ್ಲ. ಹೆಂಗಸರ ಹೆಸರಿರುವ ಪುಟ ಇದ್ದರೆ ಹೆಸರನ್ನು ಮುಚ್ಚಿಯೇ ಫೋಟೊ ತೆಗೆಯಿರಿ, ನನಗೂ ಹೆಸರು ಬೇಡ. ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಏನಾದರೂ ಗೀಚಿದ್ದರೆ ಅದನ್ನು ಮಾತ್ರ ಒರೆಸಬೇಡಿ. ಹಳೇ ಪೇಪರಿನವನಿಗೆ ಕೆಜಿ ಲೆಕ್ಕದಲ್ಲಿ ಹಾಕುವ ಮೊದಲು ಒಂದು ಮಾತು ತಿಳಿಸಿ, ನಾನೇ ಬಸ್ಸು ಹತ್ತಿ ಬರುತ್ತೇನೆ.